ಕಪ್ಪು ಪಟ್ಟಿಯನ್ನು ಬೈಯುವ ಮುನ್ನ

ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ಹಳೇ ಸಿನಿಮಾ ನೋಡುವವರಿಗೆ ಮೇಲೂ ಕೆಳಗೂ ಕಾಣುವ ಕಪ್ಪು ಪಟ್ಟಿ ಕಿರಿಕಿರಿ. ಆದರೆ ಚಿತ್ರವನ್ನು ಉಳಿಸುತ್ತಿರುವುದೇ ಆ ಪಟ್ಟಿ. 1959ರ ‘ಕಾಗಜ್ ಕೆ ಫೂಲ್’ ತೆಗೆದುಕೊಳ್ಳಿ: ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಕ್ಯಾಮೆರಾ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅವರದು. ಸಿನಿಮಾಸ್ಕೋಪ್‌ನ ಅನಾಮಾರ್ಫಿಕ್ ಲೆನ್ಸ್ ದೃಶ್ಯದ ಅಗಲವನ್ನು ಅರ್ಧಕ್ಕೆ ಹಿಂಡಿ 35 ಎಂಎಂ ಫಿಲ್ಮಿನಲ್ಲಿ ಕೂರಿಸುತ್ತದೆ. ಆ ಫಿಲ್ಮನ್ನು ಬೆಳಕಿಗೆ ಹಿಡಿದರೆ ಮನುಷ್ಯರೆಲ್ಲ ಬಿದಿರಿನ ಗಳದ ಹಾಗೆ ಸಪೂರ. ಪ್ರೊಜೆಕ್ಟರಿನ ಲೆನ್ಸ್ ಮತ್ತೆ ಅಗಲಿಸಿದಾಗ, ಎತ್ತರದ ಸುಮಾರು 2.35 ಪಟ್ಟು ಅಗಲದ ಚಿತ್ರ. ಆ ಅಗಲ ಬರೀ ಆಡಂಬರವಲ್ಲ: ಖಾಲಿ ಸ್ಟುಡಿಯೋದಲ್ಲಿ ಗುರುದತ್, ವಹೀದಾ ರೆಹಮಾನ್ ದೂರದೂರ ನಿಂತಾಗ ನಡುವಿನ ಬೆಳಕು-ಕತ್ತಲೆಯೇ ಕಥೆ ಹೇಳುತ್ತದೆ.

ಪಟ್ಟಿ ಬೇಡವೆಂದು ಚಿತ್ರದ ಅಕ್ಕಪಕ್ಕ ಕತ್ತರಿಸಿ ತೋರಿಸಿದರೆ ಮುಖವಾದರೂ ದೊಡ್ಡದಾಗಿ ಕಾಣುತ್ತಲ್ಲ, ಅನ್ನಬಹುದು. ಲೆಕ್ಕ ಹಾಕಿ: ನೆಟ್ಟಗೆ ಹಿಡಿದ ಫೋನಿನ 9:16 ಚೌಕಟ್ಟಿಗೆ ಕತ್ತರಿಸಿದರೆ ಉಳಿಯುವುದು ಚಿತ್ರದ ಕಾಲುಭಾಗಕ್ಕೂ ಕಡಿಮೆ, ಇಬ್ಬರಲ್ಲಿ ಒಬ್ಬರು ಮಾಯ. ಕತ್ತರಿಸದಿದ್ದರೆ ಪರದೆಯ ಮುಕ್ಕಾಲು ಪಾಲು ಖಾಲಿ, ಆ ದೂರು ನ್ಯಾಯವೇ. ಅದಕ್ಕೆ ಮದ್ದು ಕತ್ತರಿಯಲ್ಲ, ಫೋನನ್ನು ಅಡ್ಡ ತಿರುಗಿಸಿ, ಮುಕ್ಕಾಲು ಪರದೆ ತುಂಬುತ್ತದೆ, ಮೂರ್ತಿಯವರ ಚೌಕಟ್ಟು ಪೂರ್ತಿ ಸಿಗುತ್ತದೆ. ಉಳಿದ ಕಪ್ಪನ್ನೂ ಮುಚ್ಚಲು ಚಿತ್ರವನ್ನು ಮೇಲೆ ಕೆಳಗೆ ಎಳೆಯುವ ಸೆಟ್ಟಿಂಗ್ ಮಾತ್ರ ಮುಟ್ಟಬೇಡಿ, ವಹೀದಾ ಮುಖವೇ ಉದ್ದವಾಗಿಬಿಡುತ್ತದೆ.