ರೋಗಕ್ಕೆ ಸೂತಕವಿಲ್ಲ: ಬಾಯಿಯ ಅರ್ಬುದವನ್ನು ಕುರಿತು

ಕಾಯವನ್ನು ಪ್ರಸಾದವೆಂದು ಭಾವಿಸುವುದು ನಮ್ಮ ಧರ್ಮದ ವೈಶಿಷ್ಟ್ಯಗಳಲ್ಲೊಂದು. ಇಷ್ಟಲಿಂಗವನ್ನು ಧರಿಸುವ ದೇಹವನ್ನು ದಂಡಿಸಿ ಕೃಶಗೊಳಿಸುವುದನ್ನು ಶರಣರು ಒಪ್ಪಲಿಲ್ಲ. ಕಾಯಕಕ್ಕೂ ದಾಸೋಹಕ್ಕೂ ಅದೇ ಸಾಧನವಾದುದರಿಂದ ಅದನ್ನು ಕಾಪಾಡಿಕೊಳ್ಳುವುದೂ ಧರ್ಮವೆಂದೇ ತಿಳಿದರು. ಇಂತಹ ಪರಂಪರೆಗೆ ಸೇರಿದ ನಮ್ಮ ಮನೆಗಳಲ್ಲಿಯೂ ಒಂದು ರೋಗದ ಹೆಸರೆತ್ತಲು ಹಿರಿಯರು ಇಂದಿಗೂ ಅಂಜುತ್ತಾರೆ. "ಆ ದೊಡ್ಡ ರೋಗ" ಎಂದು ಪಿಸುಮಾತಿನಲ್ಲಿ ಹೇಳಿ ಸುಮ್ಮನಾಗುತ್ತಾರೆ. ಅದೇ ಅರ್ಬುದರೋಗ, ಅರ್ಥಾತ್ ಕ್ಯಾನ್ಸರ್. ಅದರಲ್ಲಿಯೂ ನಮ್ಮ ನಾಡಿನಲ್ಲಿ ಹೆಚ್ಚಾಗಿ ಕಾಣುವ ಬಾಯಿಯ ಅರ್ಬುದವನ್ನು ಕುರಿತು ಕೆಲವು ಮಾತುಗಳನ್ನು ಭಕ್ತಬಾಂಧವರ ಮುಂದಿಡಬಯಸುತ್ತೇನೆ. ಇದು ಕನ್ನಡಿಯಲ್ಲಿ ಕಣ್ಣಿಗೆ ಕಾಣುವ ರೋಗ. ಆದರೂ ಕಂಡದ್ದನ್ನು ಮರೆಮಾಚಿ, ಕಾಲ ಮೀರಿದ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತುವವರೇ ಬಹಳ.

ರೋಗದ ಸ್ವರೂಪ

ನಮ್ಮ ದೇಹವು ಕೋಟ್ಯನುಕೋಟಿ ಜೀವಕೋಶಗಳಿಂದ ರಚಿತವಾಗಿದೆ. ಹಳೆಯವು ಅಳಿದು ಹೊಸವು ಹುಟ್ಟುವ ಕಾರ್ಯವು ಒಂದು ನಿಯಮಕ್ಕೆ ಒಳಪಟ್ಟು ನಡೆಯುತ್ತದೆ. ಯಾವುದೋ ಕಾರಣದಿಂದ ಕೋಶದೊಳಗಿನ ಈ ನಿಯಂತ್ರಣ ಕೆಟ್ಟಾಗ ಆ ಕೋಶವು ಮಿತಿಯಿಲ್ಲದೆ ಬೆಳೆದು ಗಂಟಾಗುತ್ತದೆ, ಸುತ್ತಲಿನ ಅಂಗವನ್ನು ಕೊರೆಯುತ್ತದೆ, ಮುಂದೆ ದುಗ್ಧರಸ ಹಾಗೂ ರಕ್ತದ ಮೂಲಕ ದೂರದ ಅಂಗಗಳಿಗೂ ಹರಡುತ್ತದೆ. ಇದು ಆಧುನಿಕ ಕಾಲದ ಶಾಪವೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಪ್ರಾಚೀನವಾದ ಸುಶ್ರುತಸಂಹಿತೆಯಲ್ಲಿಯೇ 'ಅರ್ಬುದ'ವೆಂಬ ಗಂಟಿನ ವರ್ಣನೆಯಿದೆ.

ಹಾಗಾದರೆ ಇದು ಪೂರ್ವಜನ್ಮದ ಕರ್ಮದ ಫಲವೇ? ಮಠಕ್ಕೆ ಬರುವ ಭಕ್ತರು, ವಿಶೇಷವಾಗಿ ತಾಯಂದಿರು, ಕಣ್ಣೀರು ತುಂಬಿ ಈ ಪ್ರಶ್ನೆಯನ್ನು ಕೇಳುತ್ತಾರೆ. ಅಲ್ಲವೆಂದು ನಿಸ್ಸಂಶಯವಾಗಿ ಹೇಳಬೇಕು. ಬಾಯಿಯ ಅರ್ಬುದದ ಮುಖ್ಯ ಕಾರಣಗಳನ್ನು ಹುಡುಕಲು ಹಿಂದಿನ ಜನ್ಮಕ್ಕೆ ಹೋಗಬೇಕಾಗಿಲ್ಲ. ಅವು ನಮ್ಮ ಎಲೆಯಡಿಕೆಯ ಚೀಲದಲ್ಲಿಯೇ ಇವೆ.

ತಾಂಬೂಲದ ವಿಚಾರ

ಇಲ್ಲಿ ಒಂದು ಸೂಕ್ಷ್ಮವಾದ ಸಂಗತಿಯನ್ನು ಎತ್ತದೆ ವಿಧಿಯಿಲ್ಲ. ಅಷ್ಟವಿಧಾರ್ಚನೆಯಲ್ಲಿ ತಾಂಬೂಲಕ್ಕೂ ಸ್ಥಾನವಿದೆ. ವೀಳ್ಯವಿಲ್ಲದೆ ನಮ್ಮಲ್ಲಿ ನಿಶ್ಚಿತಾರ್ಥವಿಲ್ಲ, ಲಗ್ನವಿಲ್ಲ, ಹಿರಿಯರ ಬೀಳ್ಕೊಡುಗೆಯೂ ಇಲ್ಲ. ಆದಕಾರಣ "ದೇವರಿಗೆ ಅರ್ಪಿಸುವ ವಸ್ತು ಕೇಡು ಮಾಡೀತೇ?" ಎಂಬ ವಾದ ಕೇಳಿಬರುತ್ತದೆ.

ಇದಕ್ಕೆ ಉತ್ತರ ಎರಡು. ಮೊದಲನೆಯದು, ಹೊಗೆಸೊಪ್ಪು ನಮ್ಮ ಸಂಸ್ಕೃತಿಯದಲ್ಲ. ಅದು ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದದ್ದು ಕಲ್ಯಾಣದ ಶರಣರ ಕಾಲದ ಎಷ್ಟೋ ಶತಮಾನಗಳ ನಂತರ. ಕಡ್ಡಿಪುಡಿಯನ್ನು ತಾಂಬೂಲಕ್ಕೆ ಸೇರಿಸುವುದಕ್ಕೆ ಯಾವ ಧಾರ್ಮಿಕ ಆಧಾರವೂ ಇಲ್ಲ. ಎರಡನೆಯದು, ಹೊಗೆಸೊಪ್ಪಿಲ್ಲದ ಅಡಿಕೆಯೂ ನಿರಪಾಯಕಾರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ಸದಾ ಅಡಿಕೆ ಜಗಿಯುವವರ ಕೆನ್ನೆಯ ಒಳಪದರು ಕ್ರಮೇಣ ನಾರುಗಟ್ಟಿ ಬಿಗಿಯುತ್ತದೆ, ಬಾಯಿ ಅಗಲವಾಗಿ ತೆರೆಯಲಾಗದಂತಾಗುತ್ತದೆ, ಖಾರ ತಾಗಿದರೆ ಉರಿಯುತ್ತದೆ. ಇದು ಅರ್ಬುದಕ್ಕೆ ತಿರುಗಬಲ್ಲ ಸ್ಥಿತಿ. ಬೀಡಿ, ಸಿಗರೇಟು, ಮದ್ಯಗಳೂ ಜೊತೆಗೂಡಿದರೆ ಅಪಾಯವು ಅನೇಕ ಪಟ್ಟು ಹೆಚ್ಚುತ್ತದೆ.

ಅಡಿಕೆ ಬೆಳೆಯುವುದರಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು. ಚನ್ನಗಿರಿ, ಶಿವಮೊಗ್ಗ ಸೀಮೆಯ ನಮ್ಮ ಸಮಾಜದ ಅಸಂಖ್ಯ ಕುಟುಂಬಗಳಿಗೆ ತೋಟವೇ ಅನ್ನ. ಅವರ ಪ್ರಾಮಾಣಿಕ ಕಾಯಕವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಬೆಳೆಗಾರನ ಮಗನೂ ಅದೇ ರೋಗಕ್ಕೆ ತುತ್ತಾಗುತ್ತಿರುವಾಗ ಸತ್ಯವನ್ನು ಮುಚ್ಚಿಡುವುದು ಅವನಿಗೂ ಮಾಡುವ ದ್ರೋಹ. ಕರ್ನಾಟಕ ಸರ್ಕಾರವು 2013ರಲ್ಲಿ ಗುಟಕಾವನ್ನು ನಿಷೇಧಿಸಿತು. ಆದರೂ ಪಾನ್ ಮಸಾಲೆಯ ಪೊಟ್ಟಣವೊಂದು, ತಂಬಾಕಿನ ಪೊಟ್ಟಣವೊಂದು ಬೇರೆಬೇರೆಯಾಗಿ ಮಾರಾಟವಾಗಿ, ಕೊಂಡವನ ಅಂಗೈಯಲ್ಲಿ ಒಂದಾಗುತ್ತಿವೆ. ಕಾನೂನು ಮುಟ್ಟಲಾರದ ಅಂಗೈಯನ್ನು ಮನೆಯವರೇ ಹಿಡಿಯಬೇಕು.

ಲಕ್ಷಣಗಳು

ವಾರಕ್ಕೊಮ್ಮೆ ಹಲ್ಲುಜ್ಜಿದ ಬಳಿಕ ಬೆಳಕಿನಲ್ಲಿ ಕನ್ನಡಿ ಹಿಡಿದು ಕೆನ್ನೆಯ ಒಳಭಾಗ, ವಸಡು, ನಾಲಗೆಯ ಅಂಚು ಹಾಗೂ ನಾಲಗೆಯ ಕೆಳಭಾಗವನ್ನು ನೋಡಿಕೊಳ್ಳಬೇಕು. 3 ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಗಟ್ಟಿಯಾದ ಗಂಟು, ಕಾರಣವಿಲ್ಲದೆ ಸಡಿಲವಾದ ಹಲ್ಲು, ನುಂಗಲು ಕಷ್ಟ, ಕುತ್ತಿಗೆಯಲ್ಲಿ ಗಡ್ಡೆ, ಮೂರು ಬೆರಳು ಒಳಹೋಗದಷ್ಟು ಬಿಗಿದ ಬಾಯಿ, ಇವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರಿಗೆ ತೋರಿಸಬೇಕು. ಆರಂಭದ ಹುಣ್ಣಿಗೆ ಅನೇಕ ವೇಳೆ ನೋವೇ ಇರುವುದಿಲ್ಲ. ನೋವಿಲ್ಲವೆಂದು ಉಪೇಕ್ಷಿಸಿ, ಊರಿನ ನಾಟಿ ಮದ್ದು ಹಚ್ಚುತ್ತ ತಿಂಗಳುಗಳನ್ನು ಕಳೆಯುವುದೇ ದೊಡ್ಡ ಪ್ರಮಾದ. ಸೆರಗಿನ ಮರೆಯಲ್ಲಿ ಕಡ್ಡಿಪುಡಿ ದವಡೆಗಿಟ್ಟುಕೊಳ್ಳುವ ಅಜ್ಜಿಯಂದಿರ ಬಾಯಿಯನ್ನು ಮೊಮ್ಮಕ್ಕಳು ಒಮ್ಮೆಯಾದರೂ ನೋಡಬೇಕು.

ಚಿಕಿತ್ಸೆ ಮತ್ತು ಅದರ ಪರಿಣಾಮ

ಹುಣ್ಣಿನ ಚಿಕ್ಕ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ ಪರೀಕ್ಷೆಯೇ ನಿರ್ಣಾಯಕವಾದುದು. ಕತ್ತರಿ ತಾಗಿದರೆ ರೋಗ ಹರಡುತ್ತದೆಂಬ ನಂಬಿಕೆಗೆ ಹೆದರಿ ಈ ಪರೀಕ್ಷೆಯನ್ನು ಮುಂದೂಡಬಾರದು. ಹರಡಲು ಅವಕಾಶ ಕೊಡುವುದು ವಿಳಂಬವೇ. ಮೊದಲ ಹಂತದಲ್ಲಿ ಬಹುಮಂದಿಗೆ ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣವಾಗುತ್ತದೆ. ಮುಂದುವರಿದ ರೋಗಕ್ಕೆ ವಿಕಿರಣ ಚಿಕಿತ್ಸೆಯೂ ಔಷಧಿಯೂ ಬೇಕಾಗುತ್ತವೆ. ಹಳ್ಳಿಗಳಲ್ಲಿ "ಕರೆಂಟು ಕೊಡುವುದು" ಎಂದು ಕರೆದು ಭಯಪಡುವ ವಿಕಿರಣವು ವಿದ್ಯುತ್ತಿನ ಆಘಾತವಲ್ಲ. ಎಕ್ಸರೇ ಜಾತಿಯ ಪ್ರಬಲ ಕಿರಣ. ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 6-7 ವಾರ ಕೊಡುತ್ತಾರೆ. ಕೊಡುವಾಗ ನೋವಾಗುವುದಿಲ್ಲ. ಆದರೆ ದಿನ ಕಳೆದಂತೆ ಬಾಯಿ ಒಣಗುತ್ತದೆ, ಹುಣ್ಣಾಗುತ್ತದೆ, ರುಚಿ ತಿಳಿಯದಾಗುತ್ತದೆ. ದವಡೆಯ ಭಾಗ ತೆಗೆದವರಿಗೆ ಮುಖದ ಆಕಾರ ಬದಲಾಗುತ್ತದೆ, ಮಾತು ತೊದಲುತ್ತದೆ, ಕೆಲಕಾಲ ಮೂಗಿನ ನಳಿಕೆಯ ಮೂಲಕ ಆಹಾರ ಕೊಡಬೇಕಾಗುತ್ತದೆ.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಕಲಬುರಗಿಯಲ್ಲಿರುವ ಅದರ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಮೊದಲಾದೆಡೆ ಚಿಕಿತ್ಸೆಯ ವ್ಯವಸ್ಥೆಯಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯುತ್ತದೆ. ಹಣವಿಲ್ಲವೆಂದು ಮನೆಯಲ್ಲೇ ಉಳಿಯುವ ಮುನ್ನ ಇದನ್ನು ವಿಚಾರಿಸಬೇಕು. ರೋಗ ಗುಣವಾಗದ ಹಂತ ತಲುಪಿದವರಿಗೂ ನೋವು ಶಮನ ಮಾಡುವ ಔಷಧಿಗಳಿವೆ. ನರಳುತ್ತಲೇ ಪ್ರಾಣ ಬಿಡಬೇಕೆಂಬ ವಿಧಿಯೇನೂ ಇಲ್ಲ.

ನಮ್ಮ ಹೊಣೆ

ಚಿಕಿತ್ಸೆ ಮುಗಿಸಿ ಬಂದವರನ್ನು ಹೆಚ್ಚು ನೋಯಿಸುವುದು ಊರಿನ ಕಣ್ಣು. ಅಂಟುರೋಗವೆಂದು ತಟ್ಟೆ ಲೋಟಗಳನ್ನು ಬೇರೆ ಇಡುವವರುಂಟು. ಮಗಳ ಸಂಬಂಧ ತಪ್ಪೀತೆಂದು ತಂದೆಯ ರೋಗವನ್ನು ಬಚ್ಚಿಡುವವರುಂಟು. ಆ ರೋಗಿಯ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಕುಳಿತರೆ ಈ ರೋಗ ಅಂಟುವುದಿಲ್ಲ. ಬಾಯಿಯ ಅರ್ಬುದವು ಬಹುತೇಕ ಚಟದಿಂದ ಬರುವುದೇ ಹೊರತು ವಂಶದಿಂದ ಬರುವುದಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿಗಳೆಂಬ ಐದು ಸೂತಕಗಳನ್ನು ನಿರಾಕರಿಸಿದ ಧರ್ಮ ನಮ್ಮದು. ಎಂಜಲಿನ ಸೂತಕವನ್ನೇ ಒಪ್ಪದ ನಾವು ಆರನೆಯದಾಗಿ ರೋಗದ ಸೂತಕವನ್ನು ಕಲ್ಪಿಸಿಕೊಳ್ಳುವುದು ಯಾವ ನ್ಯಾಯ? ರೋಗಿಯನ್ನು ಪಂಕ್ತಿಯಿಂದ ಹೊರಗಿಟ್ಟು ಮಾಡುವ ದಾಸೋಹ ದಾಸೋಹವೇ ಅಲ್ಲ.

ಆದ್ದರಿಂದ ಸಮಾಜದ ಮುಂದೆ ಕೆಲವು ವಿನಂತಿಗಳು. ಮದುವೆಯ ಮಂಟಪದಲ್ಲಿ ವೀಳ್ಯದೆಲೆ ಅಡಿಕೆಗಳು ಗೌರವದ ಸಂಕೇತವಾಗಿ ಉಳಿಯಲಿ. ಊಟದ ನಂತರ ತಂಬಾಕಿನ ಬೀಡಾ, ಪಾನ್ ಮಸಾಲೆಗಳನ್ನು ತಟ್ಟೆಯಲ್ಲಿಟ್ಟು ಹಂಚುವ ಪದ್ಧತಿ ನಿಲ್ಲಲಿ. ಜಾತ್ರೆಯ ದಿನಗಳಲ್ಲಿ ಮಠದ ಆವರಣದಲ್ಲಿ ದಂತವೈದ್ಯರನ್ನು ಕರೆಸಿ ಬಾಯಿ ತಪಾಸಣೆ ನಡೆಸಲಿ. ದಾಸೋಹದ ಮನೆಯಲ್ಲಿ, ಬಾಯಿ ತೆರೆಯಲಾರದ ಭಕ್ತರಿಗಾಗಿ ಖಾರವಿಲ್ಲದ ಒಂದು ಪಾತ್ರೆ ಗಂಜಿ ಸದಾ ಸಿದ್ಧವಿರಲಿ. ಅದನ್ನು ಅವರು ಎಲ್ಲರ ಸಾಲಿನಲ್ಲಿಯೇ ಕುಳಿತು ಸ್ವೀಕರಿಸಲಿ.