ಮಂಡಿನೋವಿಗೆ ಕಿರುರಂಧ್ರ ಶಸ್ತ್ರಚಿಕಿತ್ಸೆ: ಯಾರಿಗೆ ಹಿತ, ಯಾರಿಗೆ ವ್ಯರ್ಥ?

ಅರಿಸಿನದ ಗಡ್ಡೆ ಕೀಳುವ ದಿನಗಳಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಹೆಣ್ಣುಮಕ್ಕಳು ಹೊತ್ತು ಮುಳುಗುವವರೆಗೂ ಕುಕ್ಕರಗಾಲಿನಲ್ಲಿಯೇ ದುಡಿಯುತ್ತಾರೆ. ಮನೆಗೆ ಬಂದರೆ ಲಿಂಗಪೂಜೆಗೂ ಊಟಕ್ಕೂ ನೆಲದ ಮೇಲೆಯೇ ಚಕ್ಕಳಮಕ್ಕಳ. ಮಂಡಿಗೆ ಬಿಡುವೇ ಇಲ್ಲದ ಬದುಕು ನಮ್ಮದು. ಐವತ್ತು ದಾಟುವ ಹೊತ್ತಿಗೆ ಅದು ನೋಯತೊಡಗಿದರೆ ಆಶ್ಚರ್ಯವೇನು?

‘ಕಾಲು ಕೊಯ್ಯುವುದೇ ಇಲ್ಲವಂತೆ, ಸಣ್ಣ ರಂಧ್ರದಲ್ಲಿಯೇ ಮಂಡಿ ಸರಿಮಾಡುತ್ತಾರಂತೆ’ ಎಂಬ ಮಾತು ಈಗ ಹಳ್ಳಿಯ ಜಗುಲಿಗಳಲ್ಲಿಯೂ ಕೇಳಿಬರುತ್ತದೆ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಸತ್ಯ.

ಈ ವಿಧಾನ ಬೆಳೆದುಬಂದದ್ದು ನಮ್ಮಂತೆಯೇ ನೆಲದ ಮೇಲೆ ಕುಳಿತುಕೊಳ್ಳುವ ಜನರ ನಾಡಾದ ಜಪಾನಿನಲ್ಲಿ. ಕ್ಷಯರೋಗದಿಂದ ಮಂಡಿ ಬಿಗಿದುಕೊಂಡು ಮಡಿಸಲಾರದೆ ಕಷ್ಟಪಡುತ್ತಿದ್ದವರು ಅಲ್ಲಿ ಬಹಳವಿದ್ದರು. 1918ರಲ್ಲಿ ಟೋಕಿಯೋದ ವೈದ್ಯ ಕೆಂಜಿ ತಕಾಗಿಯವರು ಮೂತ್ರಕೋಶವನ್ನು ಪರೀಕ್ಷಿಸುವ ನಳಿಗೆಯನ್ನೇ ಶವವೊಂದರ ಮಂಡಿಯೊಳಗೆ ತೂರಿಸಿ ನೋಡಿದರು. ಮುಂದೆ ಅವರ ಶಿಷ್ಯ ಮಸಾಕಿ ವತನಾಬೆಯವರು 1962ರಲ್ಲಿ ಅಂತಹ ನಳಿಗೆಯ ನೆರವಿನಿಂದಲೇ ಮಂಡಿಯೊಳಗಿನ ಹರಿದ ಮೆತ್ತೆಯ ತುಂಡನ್ನು ತೆಗೆದರು. ಇದೇ ಇಂದಿನ ಆರ್ಥ್ರೋಸ್ಕೊಪಿ.

ತೊಡೆಮೂಳೆ, ಕಣಕಾಲಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಇವಕ್ಕೆ ಮೆನಿಸ್ಕಸ್ ಎಂದು ಹೆಸರು. ಎರಡೂ ಮೂಳೆಗಳನ್ನು ಬಿಗಿದಿಟ್ಟ ಕಟ್ಟುನಾರುಗಳು ಲಿಗಮೆಂಟುಗಳು. ಕಬಡ್ಡಿ ಆಡುವ ಹುಡುಗನ ಪಾದ ನೆಲದಲ್ಲಿ ಊರಿ, ಮೈ ತಿರುಗಿತೆನ್ನಿ. ‘ಫಟ್’ ಎಂದು ನಾರು ಹರಿಯಬಹುದು, ಮೆತ್ತೆ ಸೀಳಬಹುದು. ಸೀಳಿದ ಚೂರು ಸಂದಿಗೆ ಸಿಕ್ಕಿಕೊಂಡರೆ ಕಾಲು ಚಾಚಲು ಬಾರದು. ಇಂತಹ ಮಂಡಿಯನ್ನು ಎಣ್ಣೆ ಹಚ್ಚಿ ಎಳೆದು ನೀವಿಸುವುದು ತರವಲ್ಲ. ಕಿರುರಂಧ್ರ ಚಿಕಿತ್ಸೆ ನಿಜಕ್ಕೂ ಒದಗುವುದು ಇಲ್ಲಿಯೇ. ಸಾಮಾನ್ಯವಾಗಿ ಸೊಂಟದಿಂದ ಕೆಳಗೆ ಅರಿವಳಿಕೆ ನೀಡಿ, ಒಂದು ಸೆಂಟಿಮೀಟರಿನಷ್ಟೂ ಅಗಲವಿಲ್ಲದ ಎರಡು ಮೂರು ರಂಧ್ರ ಮಾಡುತ್ತಾರೆ. ಲವಣದ ನೀರು ತುಂಬಿ ಕೀಲನ್ನು ಹಿಗ್ಗಿಸಿ, ಸುಮಾರು 4 ಮಿಲಿಮೀಟರ್ ದಪ್ಪದ ಕ್ಯಾಮರಾ ನಳಿಗೆಯನ್ನು ಒಳಗಿಳಿಸುತ್ತಾರೆ. ವೈದ್ಯರು ಪರದೆಯನ್ನು ನೋಡುತ್ತ ಸೀಳಿದ ಮೆತ್ತೆಯನ್ನು ಹೊಲಿಯಬಹುದು, ಇಲ್ಲವೇ ಕತ್ತರಿಸಿ ತೆಗೆಯಬಹುದು. ತೊಡೆಯ ಹಿಂಭಾಗದ ಸ್ನಾಯುರಜ್ಜುವಿನಿಂದ ಹೊಸ ಕಟ್ಟುನಾರನ್ನೂ ಕೂಡಿಸಬಹುದು. ಬಹುಪಾಲು ರೋಗಿಗಳು ಅಂದೋ ಮರುದಿನವೋ ಮನೆಗೆ ಮರಳುತ್ತಾರೆ.

ಆದರೆ ಆ ಹುಡುಗನ ತಾಯಿಯ ಮಂಡಿಯ ಸಂಗತಿ ಬೇರೆ. ಅಲ್ಲಿ ಹರಿದದ್ದೇನೂ ಇಲ್ಲದಿರಬಹುದು. ಮೂಳೆಯ ತುದಿಯ ನುಣುಪು ಹೊದಿಕೆಯೇ ಸವೆದಿದೆ. ಸವೆದದ್ದನ್ನು ರಂಧ್ರದಿಂದ ತೊಳೆದು ಕೆರೆದರೆ ಹೊಸದಾಗದು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಇಂತಹ 180 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಚಿಕಿತ್ಸೆ ಮಾಡಿ, ಉಳಿದವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದರು. 2002ರಲ್ಲಿ ಫಲಿತಾಂಶ ಪ್ರಕಟವಾದಾಗ ನೋವಿನಲ್ಲಾಗಲೀ ನಡಿಗೆಯಲ್ಲಾಗಲೀ ಇಬ್ಬಗೆಯವರಿಗೂ ಭೇದವೇ ಕಾಣಲಿಲ್ಲ! 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಳಿಯೊಂದು ಸವೆತದ ಮಂಡಿಗೆ ಈ ಚಿಕಿತ್ಸೆ ಬೇಡವೆಂದೇ ಖಂಡಿತವಾಗಿ ಹೇಳಿತು. ಹೊಲ ಅಡವಿಟ್ಟು ತಾಯಿಗೆ ರಂಧ್ರ ಹಾಕಿಸಲು ಹೊರಟ ಮಕ್ಕಳು ಇದನ್ನು ಮೊದಲೇ ತಿಳಿದಿರಬೇಕಾದದ್ದು. ಆ ತಾಯಿಗೆ ಬೇಕಾದದ್ದು ತೊಡೆಯ ಸ್ನಾಯುಗಳನ್ನು ಬಲಪಡಿಸುವ ನಿತ್ಯದ ವ್ಯಾಯಾಮ, ಮೈಭಾರದ ಇಳಿಕೆ, ನೋಯದ ಕಾಲಿನ ಕಡೆಯ ಕೈಯಲ್ಲಿ ಊರುಗೋಲು. ಪೂಜೆಗೆ ಕುರ್ಚಿಯ ಮೇಲೆ ಕುಳಿತರೆ ಭಕ್ತಿಗೇನೂ ಊನವಿಲ್ಲ. ತೀರ ಸವೆದಾಗ ಕೀಲನ್ನೇ ಬದಲಿಸುವ ಶಸ್ತ್ರಚಿಕಿತ್ಸೆಯುಂಟು. ಅದು ಕಿರುರಂಧ್ರದ ಕೆಲಸವಲ್ಲ.

ಸೀದಾ ಮೈಸೂರಿನ ಬಸ್ಸು ಹತ್ತುವ ಮುನ್ನ, 2016ರಲ್ಲಿ ಆರಂಭವಾದ ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಮೂಳೆ ವಿಭಾಗದಲ್ಲಿ ತೋರಿಸುವುದು ಲೇಸು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ತಮಗೆ ಹೇಳಿದ ಚಿಕಿತ್ಸೆ ಅದರಲ್ಲಿ ಸೇರಿದೆಯೇ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದನ್ನು ಅಲ್ಲಿಯೇ ವಿಚಾರಿಸಿಕೊಳ್ಳಬೇಕು.

ಗಾಯ ಚಿಕ್ಕದೆಂದು ಆರೈಕೆಯನ್ನೂ ಚಿಕ್ಕದು ಮಾಡುವವರೇ ಹೆಚ್ಚು. ಹೊಸ ಕಟ್ಟುನಾರು ಕೂಡಿಸಿಕೊಂಡ ಹುಡುಗ ಒಂಬತ್ತು ತಿಂಗಳಾದರೂ ಕಬಡ್ಡಿ ಅಂಕಣಕ್ಕೆ ಇಳಿಯಕೂಡದು. ಫಿಸಿಯೋಥೆರಪಿಯನ್ನು ನಡುವೆ ಬಿಡಕೂಡದು. ಚಿಕಿತ್ಸೆಯ ನಂತರ ಜ್ವರ ಬಂದು ಮಂಡಿ ಕೆಂಪಗೆ ಊದಿ ಕಾದರೆ ಅಥವಾ ಮೀನಖಂಡ ಬಾತು ನೋಯತೊಡಗಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಏದುಸಿರು ಬಂದರಂತೂ ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಕರೆಮಾಡಬೇಕು.