ಹಳೆಯ ಬೇಸ್ ಗಿಟಾರಿನ ಬೆಲೆ ಕಟ್ಟುವುದು: ಗಣಿತ–ವಿಜ್ಞಾನ ಅಭ್ಯಾಸ ಬೋಧನೆಗೆ ಒಂದು ಪಾಠವಸ್ತು

ಲಾಭ–ನಷ್ಟದ ಪಾಠವನ್ನು ಅಭ್ಯಾಸ ಬೋಧನೆಯಲ್ಲಿ ನಾನು ಎಷ್ಟೋ ಸಲ ವೀಕ್ಷಿಸಿದ್ದೇನೆ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಕೊಂಡ ಬೆಲೆ ಬರೆಯುತ್ತಾರೆ, ಮಾರಿದ ಬೆಲೆ ಬರೆಯುತ್ತಾರೆ. ಮಕ್ಕಳು ಕಳೆದು, ಭಾಗಿಸಿ, ನೂರರಿಂದ ಗುಣಿಸುತ್ತಾರೆ. ಉತ್ತರ ಸರಿಯಾಗಿರುತ್ತದೆ. ಆದರೆ ಆ ಬೆಲೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಪಠ್ಯದ ಲೆಕ್ಕದಲ್ಲಿ ಬೆಲೆಯನ್ನು ಕೊಟ್ಟಿರುತ್ತಾರೆ. ಬದುಕಿನಲ್ಲಿ ಅದನ್ನು ನಾವೇ ಕಂಡುಹಿಡಿಯಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ನಮ್ಮ ಮಕ್ಕಳ ಮನೆಗಳಲ್ಲಿ ಮೋಟಾರ್ ಸೈಕಲ್, ಮೊಬೈಲ್, ಪಂಪ್‌ಸೆಟ್, ಹಾರ್ಮೋನಿಯಂ ಹೀಗೆ ಅನೇಕ ವಸ್ತುಗಳು ಎರಡನೆಯ ಕೈಯಿಂದಲೇ ಬರುತ್ತವೆ. ಅಲ್ಲಿ ಬೆಲೆ ತಪ್ಪಿದರೆ ಕೆಲವು ತಿಂಗಳ ಕೂಲಿಯೇ ಹೋಗುತ್ತದೆ.

ಶೇಕಡಾ, ಲಾಭ–ನಷ್ಟ, ಸವಕಳಿ ಎಂಬ ಗಣಿತದ ಕಲಿಕಾಂಶಗಳನ್ನೂ ವಿಜ್ಞಾನದ ಶಬ್ದ ಘಟಕವನ್ನೂ ಒಟ್ಟಿಗೆ ತರಬಲ್ಲ ಪಾಠವಸ್ತುವಾಗಿ ಬಳಸಿದ ಬೇಸ್ ಗಿಟಾರನ್ನು ನಾನು ಸೂಚಿಸುತ್ತೇನೆ. ಮದುವೆ, ಜಾತ್ರೆಗಳ ಆರ್ಕೆಸ್ಟ್ರಾಗಳಲ್ಲಿ, ಚರ್ಚಿನ ಗಾಯನ ತಂಡಗಳಲ್ಲಿ ಮಕ್ಕಳು ಈ ವಾದ್ಯವನ್ನು ಕಂಡಿರುತ್ತಾರೆ. ಅಂತಹ ತಂಡದವರಿಂದ ಒಂದು ದಿನದ ಮಟ್ಟಿಗೆ ಎರವಲು ತಂದರೆ ಸಾಕು. ಸಿಗದಿದ್ದರೆ ಭಜನಾ ಮಂಡಳಿಯ ಹಳೆಯ ಹಾರ್ಮೋನಿಯಂ ಇಟ್ಟುಕೊಂಡು ಇದೇ ಪಾಠವನ್ನು ಮಾಡಬಹುದು. ಪಾಠದ ಕ್ರಮ ಸರಳ: ಮೊದಲು ಕಿವಿಯಿಂದ ಪರೀಕ್ಷೆ, ಆಮೇಲೆ ಅಳತೆ, ಕೊನೆಗೆ ಬೆಲೆ.

ಮೊದಲ ಹಂತ: ಕಿವಿ

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ದಪ್ಪ ತಂತಿಯಿಂದ ತೆಳು ತಂತಿಯತ್ತ ಅವುಗಳ ಸ್ವರಗಳು ಇ, ಎ, ಡಿ, ಜಿ. ಶ್ರುತಿ ಸರಿಯಿದ್ದಾಗ ಅವುಗಳ ಆವೃತ್ತಿ ಕ್ರಮವಾಗಿ 41.2, 55, 73.4 ಮತ್ತು 98 ಹರ್ಟ್ಝ್. ಮನುಷ್ಯನ ಕಿವಿಗೆ ಕೇಳುವ ವ್ಯಾಪ್ತಿ ಸುಮಾರು 20ರಿಂದ 20,000 ಹರ್ಟ್ಝ್ ಎಂದು ಮಕ್ಕಳು ಓದಿರುತ್ತಾರೆ. ಆ ವ್ಯಾಪ್ತಿಯ ಕೆಳ ಅಂಚಿನ ಶಬ್ದ ಹೇಗಿರುತ್ತದೆ ಎಂಬುದನ್ನು ಈ ವಾದ್ಯ ಕೇಳಿಸುತ್ತದೆ. ದಪ್ಪ ತಂತಿಯನ್ನು ಮೀಟಿದಾಗ ಅದರ ಕಂಪನ ಬರಿಗಣ್ಣಿಗೇ ಕಾಣುತ್ತದೆ. ವಾದ್ಯದ ಮರದ ಮೇಲೆ ಕೈಯಿಟ್ಟರೆ ತಿಳಿಯುತ್ತದೆ. ‘ಕಂಪನದಿಂದ ಶಬ್ದ’ ಎಂಬ ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗುವುದು ಕಷ್ಟ.

ಇಲ್ಲಿಯೇ ಒಂದು ಪ್ರಶ್ನೆ ಹಾಕಬೇಕು: “ಮಾರುವವರು ಫೋನಿನಲ್ಲಿ ನುಡಿಸಿ ಕೇಳಿಸಿದರು, ಚೆನ್ನಾಗಿತ್ತು. ದುಡ್ಡು ಕಳಿಸಬಹುದೇ?” ಸಾಂಪ್ರದಾಯಿಕ ದೂರವಾಣಿ ಕರೆ ಸಾಗಿಸುವ ಶಬ್ದದ ವ್ಯಾಪ್ತಿ ಸುಮಾರು 300ರಿಂದ 3,400 ಹರ್ಟ್ಝ್. ನಾಲ್ಕೂ ತಂತಿಗಳ ಮೂಲ ಆವೃತ್ತಿ ಇದಕ್ಕಿಂತ ಕೆಳಗಿದೆ. ವಿಡಿಯೊ ಕಳಿಸಿದರೂ ಮೊಬೈಲಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗಿನ ಶಬ್ದವನ್ನು ಸರಿಯಾಗಿ ಹೊರಡಿಸಲಾರದು. ಆದರೂ ನಮಗೆ ಸ್ವರ ಗುರುತು ಸಿಗುತ್ತದಲ್ಲ, ಹೇಗೆ? ಒಂದು ತಂತಿ ಮೂಲ ಆವೃತ್ತಿಯ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಗಳಲ್ಲೂ ಕಂಪಿಸುತ್ತದೆ. ಆ ಮೇಲಿನ ಆವೃತ್ತಿಗಳನ್ನು ಕೇಳಿ ನಮ್ಮ ಮಿದುಳು ಮೂಲ ಸ್ವರವನ್ನು ಊಹಿಸಿಕೊಳ್ಳುತ್ತದೆ. ಹೀಗಾಗಿ ಫೋನಿನಲ್ಲಿ ಸ್ವರ ತಿಳಿಯುತ್ತದೆ, ವಾದ್ಯದ ಗುಣ ತಿಳಿಯುವುದಿಲ್ಲ. ಎದುರಿಗೆ ಕೂತು ಕೇಳಬೇಕು ಎಂಬ ಹಿರಿಯರ ಮಾತಿಗೆ ಇಲ್ಲಿ ವಿಜ್ಞಾನದ ಕಾರಣ ಸಿಗುತ್ತದೆ.

ವಾದ್ಯವನ್ನು ಆಂಪ್ಲಿಫೈಯರಿಗೆ ಜೋಡಿಸಿ ಧ್ವನಿಯ ಗುಂಡಿಗಳನ್ನು ನಿಧಾನವಾಗಿ ತಿರುಗಿಸಲು ಒಬ್ಬ ವಿದ್ಯಾರ್ಥಿಗೆ ಹೇಳಿ. ‘ಕರಕರ’ ಸದ್ದು ಬಂದರೆ ಗುಂಡಿಯ ಒಳಗೆ ಧೂಳು ಸೇರಿದೆ ಎಂದರ್ಥ. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿಗಳ ಸೀಮೆಯಲ್ಲಿ ಇದು ಸಹಜ. ಸ್ವಚ್ಛಗೊಳಿಸುವ ದ್ರವ ಸಿಂಪಡಿಸಿದರೆ ಬಹುಮಟ್ಟಿಗೆ ಸರಿಹೋಗುವುದರಿಂದ ಇದು ಸಣ್ಣ ದೋಷ. ದೋಷವನ್ನು ಗುರುತಿಸುವುದರ ಜೊತೆಗೆ ಅದು ಸಣ್ಣದೋ ದೊಡ್ಡದೋ ಎಂದು ವಿಂಗಡಿಸುವುದನ್ನೂ ಮಕ್ಕಳು ಕಲಿಯಬೇಕು.

ಎರಡನೆಯ ಹಂತ: ಅಳತೆಪಟ್ಟಿ

ಹೆಚ್ಚಿನ ಬೇಸ್ ಗಿಟಾರುಗಳಲ್ಲಿ ತಂತಿಯ ಕಂಪಿಸುವ ಭಾಗದ ಉದ್ದ 34 ಅಂಗುಲ, ಅಂದರೆ ಸುಮಾರು 864 ಮಿ.ಮೀ. ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ತುದಿಯಿಂದ 12ನೇ ಫ್ರೆಟ್‌ವರೆಗಿನ ದೂರವನ್ನು ಮಕ್ಕಳೇ ಅಳೆಯಲಿ. ಅದು 432 ಮಿ.ಮೀ., ಸರಿಯಾಗಿ ಅರ್ಧ. ಅಲ್ಲಿ ಒತ್ತಿ ಮೀಟಿದರೆ ಆವೃತ್ತಿ ಎರಡರಷ್ಟಾಗುತ್ತದೆ: 41.2 ಇದ್ದದ್ದು 82.4. ಉದ್ದ ಅರ್ಧವಾದರೆ ಆವೃತ್ತಿ ದ್ವಿಗುಣವಾಗುತ್ತದೆ ಎಂಬ ವಿಲೋಮ ಅನುಪಾತವನ್ನು ಮಕ್ಕಳು ಕೈಯಿಂದ ಅಳೆದು, ಕಿವಿಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಹೋದಾಗ ಆವೃತ್ತಿ ಸುಮಾರು 1.0595 ಪಟ್ಟು ಏರುತ್ತದೆ. ಈ ಸಂಖ್ಯೆಯನ್ನು ಅದರಿಂದಲೇ 12 ಸಲ ಗುಣಿಸಿದರೆ 2 ಬರುತ್ತದೆ. ದಪ್ಪ ತಂತಿಯ 5ನೇ ಫ್ರೆಟ್ ಒತ್ತಿದಾಗ 55 ಹರ್ಟ್ಝ್ ಬರುತ್ತದೆ. ಅದೇ ಮುಂದಿನ ತಂತಿಯ ಸ್ವರ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಶ್ರುತಿಮಾಪಕದಿಂದ ಇದನ್ನು ಪರೀಕ್ಷಿಸಬಹುದು.

ಈ ಜ್ಞಾನ ನೇರವಾಗಿ ಖರೀದಿಗೆ ಒದಗುತ್ತದೆ. 12ನೇ ಫ್ರೆಟ್‌ನ ಮೇಲ್ಭಾಗದಲ್ಲಿ ತಂತಿಯನ್ನು ಒತ್ತದೆ, ಬೆರಳು ತಾಗಿಸಿ ಮೀಟಿದಾಗ ಬರುವ ಸ್ವರಕ್ಕೂ ಅಲ್ಲಿಯೇ ಒತ್ತಿ ಮೀಟಿದಾಗ ಬರುವ ಸ್ವರಕ್ಕೂ ಹೋಲಿಕೆ ಇರಬೇಕು. ಒತ್ತಿದ ಸ್ವರ ಏರಿದ್ದರೆ ತಂತಿಯ ಉದ್ದ ಕಡಿಮೆಯಾಗಿದೆ. ಸೇತುವೆಯ ಬಳಿಯ ಸ್ಕ್ರೂ ತಿರುಗಿಸಿ ಉದ್ದ ಹೆಚ್ಚಿಸಬೇಕು. ಇದೂ ಸಣ್ಣ ದೋಷ.

ದೊಡ್ಡ ದೋಷ ಇರುವುದು ಕುತ್ತಿಗೆಯಲ್ಲಿ. ಒಂದು ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಬಿಗಿದ ತಂತಿಯೇ ಈಗ ಸರಳರೇಖೆ. ನಡುವೆ, 7–8ನೇ ಫ್ರೆಟ್‌ನ ಬಳಿ, ತಂತಿಗೂ ಫ್ರೆಟ್‌ಗೂ ಕೂದಲೆಳೆಯಷ್ಟು ಸಂದು ಇದ್ದರೆ ಸರಿ. ಹೆಚ್ಚು ಸಂದು ಇದ್ದರೆ ಕುತ್ತಿಗೆ ಬಾಗಿದೆ. ಒಳಗಿರುವ ಉಕ್ಕಿನ ಸರಳನ್ನು ಬಿಗಿ ಮಾಡಿ ಅದನ್ನು ನೇರಗೊಳಿಸಬಹುದು. ಆದರೆ ಆ ಸರಳು ಈಗಾಗಲೇ ಪೂರ್ತಿ ಬಿಗಿಯಾಗಿದ್ದೂ ಕುತ್ತಿಗೆ ಬಾಗಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ ಎಂದು ಎದ್ದು ಬರಬೇಕು.

ನಮ್ಮ ಕಡೆಯ ಹವಾಮಾನವನ್ನೂ ಪಾಠದಲ್ಲಿ ಸೇರಿಸಿ. ಮೇ ತಿಂಗಳ ಒಣ ಬಿಸಿಲಿಗೆ ಮರ ಸಂಕುಚಿಸುತ್ತದೆ, ಲೋಹದ ಪಟ್ಟಿ ಅಷ್ಟೇ ಉಳಿಯುತ್ತದೆ. ಹಾಗಾಗಿ ಫ್ರೆಟ್‌ನ ತುದಿಗಳು ಕುತ್ತಿಗೆಯ ಅಂಚಿನಿಂದ ಹೊರಚಾಚಿ ಅಂಗೈಗೆ ಚುಚ್ಚುತ್ತವೆ. ಇದೇ ಕಾರಣಕ್ಕೆ ಹಾರ್ಮೋನಿಯಂನ ಮರ ಬಿರುಕು ಬಿಟ್ಟು ಗಾಳಿ ಸೋರುತ್ತದೆ. ಅದರ ಪರೀಕ್ಷೆ ಹೀಗೆ: ತಿದಿಯೊತ್ತಿ ಗಾಳಿ ತುಂಬಿ, ಯಾವ ಮನೆಯನ್ನೂ ಒತ್ತದೆ ಬಿಟ್ಟು, ಗಾಳಿ ಎಷ್ಟು ಸೆಕೆಂಡಿನಲ್ಲಿ ಇಳಿಯುತ್ತದೆ ಎಂದು ಎಣಿಸುವುದು. ಬೇಗ ಇಳಿದಷ್ಟೂ ಸೋರಿಕೆ ಹೆಚ್ಚು.

ಮೂರನೆಯ ಹಂತ: ಲೆಕ್ಕ

ಇನ್ನು ಬೆಲೆ. ಈ ಅಂಕಿಗಳು ಪಾಠಕ್ಕೆಂದು ನಾನು ಕಲ್ಪಿಸಿಕೊಂಡವು; ಪ್ರಶಿಕ್ಷಣಾರ್ಥಿಗಳು ತಮ್ಮೂರಿನ ಬೆಲೆಗಳನ್ನು ವಿಚಾರಿಸಿ ಬದಲಿಸಿಕೊಳ್ಳಲಿ. ಸುಸ್ಥಿತಿಯಲ್ಲಿರುವ ಅಂತಹದೇ ಹಳೆಯ ವಾದ್ಯ ರೂ. 13,500ಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಮಾರುವವರು ರೂ. 12,000 ಕೇಳುತ್ತಾರೆ. ಮಕ್ಕಳು ಕಂಡುಹಿಡಿದ ದೋಷಗಳ ದುರಸ್ತಿಗೆ ತಂತಿಗಳು ರೂ. 1,500, ಫ್ರೆಟ್ ತುದಿ ಉಜ್ಜಲು ರೂ. 1,200, ಗುಂಡಿ ಸ್ವಚ್ಛಗೊಳಿಸಲು ರೂ. 300, ಒಟ್ಟು ರೂ. 3,000. ಪ್ರಯಾಣಕ್ಕೆ ರೂ. 500. ಪ್ರಯಾಣದ ಖರ್ಚನ್ನು ಮರೆಯಬಾರದು. ಸೇಡಂ, ಚಿತ್ತಾಪುರದವರಿಗೆ ವಾಡಿ–ಸಿಕಂದರಾಬಾದ್ ರೈಲು ಮಾರ್ಗವಿದೆ. ಚಂದ್ರಂಪಳ್ಳಿ ಜಲಾಶಯದ ಆಸುಪಾಸಿನ ಹಳ್ಳಿಯವರು ಮೊದಲು ಬಸ್ಸಿನಲ್ಲಿ ಬಂದು, ಆಮೇಲೆ ರೈಲು ಹಿಡಿಯಬೇಕು. ಒಂದೇ ವಾದ್ಯ ಇಬ್ಬರಿಗೆ ಒಂದೇ ಬೆಲೆಗೆ ಬೀಳುವುದಿಲ್ಲ.

ಕೇಳಿದ ಬೆಲೆಯನ್ನೇ ಕೊಟ್ಟರೆ ನಿಜವಾದ ಖರ್ಚು 12,000 + 3,500 = ರೂ. 15,500. ಮಾರಿದರೆ ಬರುವುದು 13,500, ನಷ್ಟ ರೂ. 2,000, ಅಂದರೆ ಸುಮಾರು ಶೇ. 12.9. ನಷ್ಟವಾಗದಿರಲು ಕೊಡಬಹುದಾದ ಗರಿಷ್ಠ ಬೆಲೆ 13,500 – 3,500 = ರೂ. 10,000. ಚೌಕಾಸಿ ಮಾಡಿ ರೂ. 9,000ಕ್ಕೆ ಪಡೆದರೆ ಒಟ್ಟು ಖರ್ಚು ರೂ. 12,500, ಲಾಭ ರೂ. 1,000, ಅಂದರೆ ಶೇ. 8. ದುರಸ್ತಿ ಮತ್ತು ಪ್ರಯಾಣವನ್ನು ಕೊಂಡ ಬೆಲೆಗೆ ಸೇರಿಸದ ಮಗು 4,500 ಲಾಭ, ಶೇ. 50 ಎಂದು ಬರೆಯುತ್ತದೆ. ಈ ಎರಡು ಉತ್ತರಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು ಚರ್ಚಿಸಿದರೆ ‘ಇತರ ವೆಚ್ಚಗಳು’ ಎಂಬ ಪರಿಕಲ್ಪನೆ ಗಟ್ಟಿಯಾಗಿ ನಿಲ್ಲುತ್ತದೆ.

ಸವಕಳಿಗೂ ಇದೇ ವಸ್ತು ಸಾಕು. ರೂ. 20,000ದ ಹೊಸ ವಸ್ತುವಿನ ಬೆಲೆ ವರ್ಷಕ್ಕೆ ಶೇ. 10ರಂತೆ ಇಳಿದರೆ 18,000, 16,200, ಮೂರನೆಯ ವರ್ಷದ ಕೊನೆಗೆ 14,580. ಆದರೆ ಎಲ್ಲ ವಸ್ತುಗಳೂ ಈ ಸೂತ್ರದಂತೆ ನಡೆಯುವುದಿಲ್ಲ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನ ಆರಂಭದ ವರ್ಷಗಳ ವಾದ್ಯಗಳಿಗೆ ಸಂಗ್ರಾಹಕರು ಇಂದು ಹೊಸದರ ಹಲವು ಪಟ್ಟು ಬೆಲೆ ಕೊಡುತ್ತಾರೆ. ಮನೆಯ ಸ್ಟುಡಿಯೊದ ಉಪಕರಣಗಳದ್ದು ಇದಕ್ಕೆ ವಿರುದ್ಧ. ಧ್ವನಿಯನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸ್ ಪೆಟ್ಟಿಗೆ ಸುಸ್ಥಿತಿಯಲ್ಲಿದ್ದರೂ, ಅದಕ್ಕೆ ಬೇಕಾದ ಫೈರ್‌ವೈರ್‌ನಂತಹ ಕಿಂಡಿ ಹೊಸ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ, ಅಥವಾ ಅದರ ತಂತ್ರಾಂಶವನ್ನು ತಯಾರಕರು ನವೀಕರಿಸುವುದನ್ನು ನಿಲ್ಲಿಸಿದ್ದರೆ, ಅದರ ಬೆಲೆ ಒಮ್ಮೆಲೇ ಕುಸಿಯುತ್ತದೆ. ಕಂಡೆನ್ಸರ್ ಮೈಕ್ ಕೊಳ್ಳುವವರು ತಮ್ಮ ಪೆಟ್ಟಿಗೆ 48 ವೋಲ್ಟ್ ಒದಗಿಸುತ್ತದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಹೆಚ್ಚಿನ ಕಂಡೆನ್ಸರ್ ಮೈಕುಗಳು ಮೌನವಾಗಿಯೇ ಇರುತ್ತವೆ. ಡೈನಾಮಿಕ್ ಮೈಕಿಗೆ ಈ ಅಗತ್ಯವಿಲ್ಲ.

ಕೊಳ್ಳಲೇಬೇಕಿಲ್ಲದ್ದು ಯಾವುದು ಎಂಬುದೂ ಬೆಲೆಯ ಪಾಠವೇ. ನಮ್ಮಲ್ಲಿ ಶಹಾಬಾದ್ ಕಲ್ಲಿನ ನೆಲ, ಗಟ್ಟಿ ಗೋಡೆಗಳ ಕೋಣೆಗಳು ಹೆಚ್ಚು. ಸ್ಪಷ್ಟ ಪ್ರತಿಧ್ವನಿಗೆ ಸುಮಾರು 17 ಮೀಟರ್ ದೂರ ಬೇಕಾದ್ದರಿಂದ ಸಣ್ಣ ಕೋಣೆಯಲ್ಲಿ ಅದು ಕೇಳುವುದಿಲ್ಲ. ಆದರೆ ಶಬ್ದ ಗೋಡೆಯಿಂದ ಗೋಡೆಗೆ ಮತ್ತೆ ಮತ್ತೆ ಪ್ರತಿಫಲಿಸಿ ಅನುರಣನವಾಗಿ ಮಾತನ್ನು ಮಸುಕುಗೊಳಿಸುತ್ತದೆ. ದುಬಾರಿ ಫೋಮ್ ಫಲಕಗಳ ಬದಲು ಮನೆಯ ದಪ್ಪ ಕೌದಿಗಳನ್ನು ಗೋಡೆಯಿಂದ ತುಸು ಬಿಟ್ಟು ತೂಗುಹಾಕಿದರೆ ಮಾತು, ಹಾಡಿನ ಮುದ್ರಣಕ್ಕೆ ಸಾಕಷ್ಟು ಅನುಕೂಲವಾಗುತ್ತದೆ. ಬೇಸ್‌ನ ಕೆಳಸ್ವರಗಳನ್ನು ಮಾತ್ರ ಕೌದಿ ಹೀರಲಾರದು, ಏಕೆಂದರೆ 41.2 ಹರ್ಟ್ಝ್‌ನ ತರಂಗದೂರ ಎಂಟು ಮೀಟರಿಗೂ ಹೆಚ್ಚು. ಮಕ್ಕಳು ಇದನ್ನು ಶಬ್ದದ ವೇಗವನ್ನು ಆವೃತ್ತಿಯಿಂದ ಭಾಗಿಸಿ ತಾವೇ ಕಂಡುಕೊಳ್ಳಲಿ.

ನಾಲ್ಕನೆಯ ಹಂತ: ಮಾರುವವರ ಮಾತು

ಇಷ್ಟರವರೆಗೆ ಮಕ್ಕಳು ಕೊಳ್ಳುವವರ ಜಾಗದಲ್ಲಿದ್ದರು. ಈಗ ತರಗತಿಯನ್ನು ಎರಡು ಗುಂಪು ಮಾಡಿ, ಅದೇ ವಾದ್ಯವನ್ನು ಮಾರುವ ಕೆಲಸವನ್ನು ಒಂದು ಗುಂಪಿಗೆ ಕೊಡಬೇಕು. ದೋಷವನ್ನು ಹೇಳಬೇಕೇ, ಬೇಡವೇ ಎಂಬ ವಾದ ಅಲ್ಲಿ ಏಳದೆ ಇರುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಕೆಲವು ಸಂದರ್ಭಗಳನ್ನು ಬಿಟ್ಟರೆ, ಸರಕಿನ ಗುಣಮಟ್ಟದ ಬಗ್ಗೆ ತಾನಾಗಿಯೇ ಯಾವ ಭರವಸೆಯೂ ಹುಟ್ಟುವುದಿಲ್ಲ, ಕೊಳ್ಳುವವರೇ ಎಚ್ಚರವಾಗಿರಬೇಕು. 1872ರ ಕರಾರು ಕಾಯ್ದೆಯಲ್ಲೂ ಬರಿಯ ಮೌನ ಸಾಮಾನ್ಯವಾಗಿ ವಂಚನೆಯಾಗುವುದಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿದರೆ ಆಗುತ್ತದೆ. ಇನ್ನೊಂದು ಮಾತನ್ನೂ ಮಕ್ಕಳು ತಿಳಿದಿರಬೇಕು: ಮಾರುವವರಿಗೆ ಒಡೆತನವೇ ಇಲ್ಲದಿದ್ದರೆ ಸಾಮಾನ್ಯವಾಗಿ ಕೊಂಡವರಿಗೂ ಒಡೆತನ ಬರುವುದಿಲ್ಲ. ಕದ್ದ ವಾದ್ಯವನ್ನು ಅರಿಯದೆ ಕೊಂಡವರು ವಾದ್ಯವನ್ನೂ ಹಣವನ್ನೂ ಕಳೆದುಕೊಳ್ಳಬಹುದು. ಮೂಲ ರಸೀದಿ, ಕ್ರಮಸಂಖ್ಯೆ ಕೇಳಬೇಕಾದದ್ದು ಇದಕ್ಕೇ.

ಕಾನೂನು ಮೌನಕ್ಕೆ ಇಷ್ಟು ಅವಕಾಶ ಕೊಟ್ಟಿದೆ ಎಂದು ಹೇಳಿ ಪಾಠ ಮುಗಿಸಿದರೆ ನಮ್ಮ ಕೆಲಸ ಅರ್ಧಕ್ಕೆ ನಿಂತಂತೆ. ಮಾರುವ ಗುಂಪು ಒಂದು ಪುಟದ ದೋಷಪಟ್ಟಿ ಬರೆಯಲಿ: ಏನು ಕೆಟ್ಟಿದೆ, ದುರಸ್ತಿಗೆ ಎಷ್ಟಾಗಬಹುದು, ಯಾವುದು ಸರಿಯಿದೆ. ಆ ಪಟ್ಟಿಯೊಡನೆ ರೂ. 10,000 ಕೇಳುವುದಕ್ಕೂ, ಪಟ್ಟಿಯಿಲ್ಲದೆ 12,000 ಕೇಳಿ ಚೌಕಾಸಿಯಲ್ಲಿ 9,000ಕ್ಕೆ ಇಳಿಯುವುದಕ್ಕೂ ಹೋಲಿಸಿ ನೋಡಲಿ. ದೋಷವನ್ನು ತಾನೇ ಹೇಳಿದವರ ಬೆಲೆಯನ್ನು ಕೊಳ್ಳುವವರು ನಂಬುತ್ತಾರೆ. ಸಣ್ಣ ಊರಿನಲ್ಲಿ ಅದೇ ಗಿರಾಕಿ ಮತ್ತೆ ಎದುರಾಗುತ್ತಾರೆ ಎಂಬುದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮೌಲ್ಯಮಾಪನ

ಘಟಕ ಪರೀಕ್ಷೆಯಲ್ಲಿ ಕೊಂಡ ಬೆಲೆ ಕೊಟ್ಟು ಲಾಭ ಕೇಳುವ ಪ್ರಶ್ನೆಯ ಜೊತೆಗೆ ಇನ್ನೊಂದನ್ನು ಸೇರಿಸಿ: ಮನೆಯ ಯಾವುದಾದರೂ ಬಳಸಿದ ವಸ್ತುವನ್ನು ಪರೀಕ್ಷಿಸಿ, ಮೂರು ದೋಷಗಳನ್ನು ಪಟ್ಟಿಮಾಡಿ, ದುರಸ್ತಿ ಖರ್ಚನ್ನು ವಿಚಾರಿಸಿ, ನೀವು ಕೊಡಬಹುದಾದ ಗರಿಷ್ಠ ಬೆಲೆಯನ್ನು ಕಾರಣಸಹಿತ ಬರೆಯಿರಿ. ಅಂಕವನ್ನು ಬೆಲೆಗಿಂತ ಕಾರಣಕ್ಕೆ ಹೆಚ್ಚು ಕೊಡಿ. ಪ್ರಶಿಕ್ಷಣಾರ್ಥಿಗಳು ಈ ಪಾಠಕ್ಕೆ ಎರಡು ಅವಧಿಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು: ಮೊದಲನೆಯದರಲ್ಲಿ ಕಿವಿ ಮತ್ತು ಅಳತೆ, ಎರಡನೆಯದರಲ್ಲಿ ಲೆಕ್ಕ ಮತ್ತು ಮಾತು. ವಾದ್ಯವನ್ನು ಕೊಟ್ಟವರನ್ನೇ ಎರಡನೆಯ ಅವಧಿಗೆ ಕರೆಯಲು ಸಾಧ್ಯವಾದರೆ ಕರೆಯಿರಿ. ಮಕ್ಕಳು ಕಟ್ಟಿದ ಬೆಲೆಯನ್ನು ಅವರ ಮುಂದೆ ಓದಿಸಿ, ಅದು ಸರಿಯೇ ಎಂದು ಅವರೇ ಹೇಳಲಿ.